ಕಪ್ಪು ಕೋಟಿನ ಮೇಲೆ ಹಳದಿ ಕೂರಿಸಿದ ಬಗೆ

ಆರು ಇಂಚಿನ ಆ್ಯಕ್ಷನ್ ಫಿಗರ್‌ಗಳಿಗೆ ಹೊಸದಾಗಿ ಬಣ್ಣ ಹಚ್ಚಿ, ಅಂಗಡಿಯಲ್ಲಿ ಸಿಗದ ಬೇರೆಯದೇ ಪಾತ್ರಗಳನ್ನಾಗಿ ಮಾರ್ಪಡಿಸುವ ಹವ್ಯಾಸದಲ್ಲಿ ನೋಡುವವರ ಕಣ್ಣು ಮೊದಲು ಮುಖದ ಮೇಲೆ ಬೀಳುತ್ತದೆ. ಮಾಡುವವರ ಕೈಯನ್ನು ಪರೀಕ್ಷಿಸುವುದು ಮಾತ್ರ ಯಾವ ಚಿತ್ತಾರವೂ ಇಲ್ಲದ ಬಯಲು ಮೈ. ಹುಬ್ಬು, ಗುಂಡಿ, ಬೆಲ್ಟು ಮೊದಲಾದ ಕಡೆ ಬಣ್ಣ ಕೊಂಚ ದಪ್ಪವಾದರೂ ಆಕಾರದ ಏರಿಳಿತದಲ್ಲಿ ಅದು ಮರೆಯಾಗುತ್ತದೆ. ಬೆನ್ನಿನಂಥ ಅಗಲವಾದ ಜಾಗದಲ್ಲಿ ಕುಂಚದ ಒಂದು ಗೆರೆ, ಒಂದು ಧೂಳಿನ ಎಳೆ, ಒಂದೆಡೆ ನಿಂತು ಒಣಗಿದ ಬಣ್ಣದ ಅಂಚು, ಎಲ್ಲವೂ ಎದ್ದು ಕಾಣುತ್ತವೆ. ನಾನು ಈ ಬಾರಿ ಕೈಗೆತ್ತಿಕೊಂಡದ್ದು ಅಂಥ ಬಯಲೇ ಹೆಚ್ಚಾಗಿದ್ದ ಗೊಂಬೆಯನ್ನು: ಮೊಣಕಾಲಿನ ಕೆಳಗಿನವರೆಗೂ ಇಳಿಯುವ ಕಪ್ಪು ನಿಲುವಂಗಿ ತೊಟ್ಟ ಒಬ್ಬ ಪತ್ತೇದಾರ. ಅವನನ್ನು ಆಗುಂಬೆಯ ಮಳೆಯಲ್ಲಿ ಹಳದಿ ರೇನ್‌ಕೋಟ್ ತೊಟ್ಟು ಹೊರಟ ಅಂಚೆಯವನನ್ನಾಗಿ ಮಾಡಬೇಕೆಂಬುದು ನನ್ನ ಬಯಕೆಯಾಗಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಹಳದಿಯನ್ನು ಕಲೆಯಿಲ್ಲದೆ, ಗೆರೆಯಿಲ್ಲದೆ, ಕೆತ್ತನೆಯ ವಿವರ ಮುಚ್ಚಿಹೋಗದಂತೆ ಕೂರಿಸುವುದು ಈ ಹವ್ಯಾಸದ ಕಷ್ಟದ ಕೆಲಸಗಳಲ್ಲೊಂದು. ಅದನ್ನು ಮಾಡುತ್ತ ಹೋದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವೆಂದರೆ, ಬಣ್ಣ ಸಮನಾಗಿ ಕಾಣುವುದನ್ನು ತೀರ್ಮಾನಿಸುವುದು ಅದರ ಕೆಳಗೆ ಏನಿದೆ ಎಂಬುದು ಮತ್ತು ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ನಾವು ಎಷ್ಟು ಕಾಯುತ್ತೇವೆ ಎಂಬುದು. ಮೇಲಿನ ಬಣ್ಣದ ದಪ್ಪಕ್ಕೆ ಇದರಲ್ಲಿ ಬಹಳ ಕಡಿಮೆ ಪಾಲಿದೆ.

ಗೊಂಬೆ ಯಾವುದರಿಂದ ಆಗಿದೆ ಎಂದು ತಿಳಿದ ಮೇಲೆಯೇ ಬಣ್ಣದ ಬಾಟಲಿಗೆ ಕೈ ಹಾಕಬೇಕು. ಇಂಥ ಫಿಗರ್‌ಗಳು ಒಂದೇ ಪ್ಲಾಸ್ಟಿಕ್ಕಿನಂತೆ ಕಂಡರೂ ಸಾಮಾನ್ಯವಾಗಿ ಎರಡು ಮೂರು ಬಗೆಯವು ಅದರಲ್ಲಿ ಸೇರಿರುತ್ತವೆ. ನನ್ನ ಗೊಂಬೆಯ ಎದೆಗೂಡು ಮತ್ತು ತೊಡೆಗಳು ಗಟ್ಟಿಯಾದ ಎಬಿಎಸ್, ತಲೆ ಮತ್ತು ಕೈಗಳು ಪಿವಿಸಿ, ನಿಲುವಂಗಿಯ ಘೇರು ಬೆರಳಿನಿಂದ ಒತ್ತಿದರೆ ಬಾಗುವ ಮೆತ್ತನೆಯ ಪಿವಿಸಿ. ಪಿವಿಸಿ ತನ್ನಷ್ಟಕ್ಕೆ ಗಡುಸಾದ ವಸ್ತು. ಅದು ಬಾಗಲೆಂದು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸಿರುತ್ತಾರೆ. ಈ ದ್ರವ ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ಕಾಲ ಕಳೆದಂತೆ ನಿಧಾನವಾಗಿ ಹೊರಮೈಗೆ ಬರುತ್ತದೆ. ಕೆಲವು ಹಳೆಯ ಗೊಂಬೆಗಳು ಕೈಗೆ ಅಂಟಂಟಾಗುವುದು ಇದರಿಂದಲೇ. ಎನಾಮೆಲ್ ಬಣ್ಣಗಳನ್ನೂ ದ್ರಾವಕ ಆಧಾರಿತ ಅನೇಕ ಸ್ಪ್ರೇ ಡಬ್ಬಿಗಳ ಪದರವನ್ನೂ ಇದೇ ದ್ರವ ಒಳಹೊಕ್ಕು ಮೆತ್ತಗಾಗಿಸುವುದರಿಂದ, ಮೆತ್ತನೆಯ ಪಿವಿಸಿಯ ಮೇಲೆ ಅವು ತಿಂಗಳು ಕಳೆದರೂ ಪೂರ್ತಿ ಒಣಗದೆ ಬೆರಳಚ್ಚು ಹಿಡಿಯುತ್ತಿರುತ್ತವೆ. ಹೀಗಾಗಿ ಬಣ್ಣಕ್ಕೆ ಮುಂಚೆ ಹಚ್ಚುವ ಅಡಿಪದರವಾದ ಪ್ರೈಮರಿನಿಂದ ಹಿಡಿದು ವಾರ್ನಿಷಿನವರೆಗೆ ಎಲ್ಲವೂ ನೀರು ಆಧಾರಿತ ಅಕ್ರಿಲಿಕ್ ಆಗಿರಬೇಕೆಂದು ಮೊದಲೇ ನಿರ್ಧರಿಸಿದೆ. ಘೇರು ಬಾಗಿದಾಗ ಅಕ್ರಿಲಿಕ್ ಪೊರೆಯೂ ಅದರೊಂದಿಗೆ ಬಾಗುತ್ತದೆ ಎಂಬುದು ಅದರ ಇನ್ನೊಂದು ಅನುಕೂಲ.

ಗೊಂಬೆಯನ್ನು ಬಿಡಿಸದೆ ಬಣ್ಣ ಹಚ್ಚಿದರೆ ಕಂಕುಳು ಮತ್ತು ಕಾಲರಿನ ಒಳಭಾಗಕ್ಕೆ ಕುಂಚ ತಲುಪುವುದಿಲ್ಲ, ತಲುಪಿದರೂ ಅಲ್ಲಿ ಬಣ್ಣ ಮಡುಗಟ್ಟುತ್ತದೆ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು, ಕುತ್ತಿಗೆ ಮತ್ತು ಭುಜಗಳು ಮುಳುಗುವಂತೆ ಇಕ್ಕಳದಲ್ಲಿ ಹಿಡಿದೆ. ಪಿವಿಸಿ ಮೆತ್ತಗಾದ ಕೂಡಲೇ ಕೀಲುಗಳನ್ನು ಮೆಲ್ಲಗೆ ತಿರುಗಿಸುತ್ತ ಎಳೆದಾಗ ತಲೆ, ತೋಳುಗಳು ಮತ್ತು ಘೇರು ಬೇರೆಯಾದವು. ಬಿಸಿಯಲ್ಲಿ ಬಾಗಿಸಿದ ಆಕಾರ ತಣ್ಣೀರಿನಲ್ಲಿ ಅದ್ದಿದರೆ ಹಾಗೆಯೇ ನಿಲ್ಲುತ್ತದೆಯಾದ್ದರಿಂದ, ಘೇರು ಗಾಳಿಗೆ ಒಂದು ಬದಿಗೆ ಹಾರಿದಂತೆ ತಿದ್ದುವ ಕೆಲಸವನ್ನೂ ಇದೇ ಹಂತದಲ್ಲಿ ಮುಗಿಸಿದೆ. ಬಣ್ಣವಾದ ಮೇಲೆ ಬಿಸಿನೀರಿಗೆ ಹಾಕುವ ಪ್ರಮೇಯವೇ ಬರಬಾರದು. ಅಚ್ಚಿನಿಂದ ಗೊಂಬೆ ಸುಲಭವಾಗಿ ಬಿಟ್ಟುಬರಲೆಂದು ಕಾರ್ಖಾನೆಯಲ್ಲಿ ಹಚ್ಚುವ ಜಿಡ್ಡು ಮೈಮೇಲೆ ಉಳಿದಿರುವ ಸಾಧ್ಯತೆ ಇರುವುದರಿಂದ ಪಾತ್ರೆ ತೊಳೆಯುವ ದ್ರವ, ಉಗುರುಬೆಚ್ಚಗಿನ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಲ್ಲ ಬಿಡಿಭಾಗಗಳನ್ನು ಚೆನ್ನಾಗಿ ಉಜ್ಜಿದೆ. ಕೋಟಿನ ಕಪ್ಪು ಪ್ಲಾಸ್ಟಿಕ್ಕಿನದೇ ಬಣ್ಣ, ಗುಂಡಿಗಳ ಬೆಳ್ಳಿ ಮಾತ್ರ ಮೇಲೆ ಹಚ್ಚಿದ್ದು. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತೆಗೆದೆ. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಇದಕ್ಕೆ ಬಳಸಲೇಬಾರದು, ಅದು ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಇಲ್ಲಿಂದ ಮುಂದೆ ಕೈಗವಸು ಹಾಕಿಕೊಂಡೇ ಭಾಗಗಳನ್ನು ಮುಟ್ಟಿದೆ, ಏಕೆಂದರೆ ಬೆರಳಿನ ಜಿಡ್ಡೂ ಜಿಡ್ಡೇ.

ಘೇರಿನ ಎರಡೂ ಬದಿಯಲ್ಲಿ ಅಚ್ಚಿನ ಎರಡು ಹೋಳುಗಳು ಕೂಡಿದ ಸಾಲು ಮೇಲಿಂದ ಕೆಳಗಿನವರೆಗೆ ಓಡಿತ್ತು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಇದು ಕಣ್ಣಿಗೆ ಬೀಳುವುದು ಅಪರೂಪ. ಹಳದಿ ಹಚ್ಚಿದ ಮೇಲೆ ಬೆಳಕು ಅದರ ಮೇಲೆ ಬಿದ್ದಾಗ ಮಾತ್ರ ಹೊಲಿಗೆ ತಪ್ಪಿದ ಜಾಗದ ಹಾಗೆ ಕಾಣತೊಡಗುತ್ತದೆ. ಆದುದರಿಂದ ಕಣ್ಣನ್ನು ನಂಬದೆ ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ ಎಳೆದು ನೋಡುವುದು ಒಳ್ಳೆಯದು. ಉಗುರು ಎಲ್ಲಿ ತಡೆಯುತ್ತದೆಯೋ ಅಲ್ಲಿ ಹೊಸ ಬ್ಲೇಡನ್ನು ಮೇಲ್ಮೈಗೆ ಲಂಬವಾಗಿ ಹಿಡಿದು, ಕೊಯ್ಯದೆ, ಹೆರೆಯುತ್ತ ಬಂದೆ. ಮೆತ್ತನೆಯ ಪಿವಿಸಿಯನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಅದು ಸವೆಯುವ ಬದಲು ನವಿರಾದ ನಾರೆದ್ದು ಇನ್ನೂ ಒರಟಾಗುತ್ತದೆ. ನೀರು ಮುಟ್ಟಿಸಿದ 600ರ ಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಶುರುಮಾಡಿ 1000ದಲ್ಲಿ ಮುಗಿಸಿದಾಗ ಸಾಲು ಮಾಯವಾಯಿತು. ಪುಡಿ ಗಾಳಿಗೇಳದೆ ನೀರಿನಲ್ಲೇ ಉಳಿಯುವುದು ಶ್ವಾಸಕ್ಕೂ ಹಿತ. ಕೊನೆಗೆ ಅದೇ 1000ದ ಕಾಗದವನ್ನು ಇಡೀ ಕೋಟಿನ ಮೇಲೆ ಹಗುರವಾಗಿ ಆಡಿಸಿ ಹೊಳಪು ತೆಗೆದೆ, ಏಕೆಂದರೆ ಹೊಳೆಯುವ ಮೈಯನ್ನು ಪ್ರೈಮರ್ ಗಟ್ಟಿಯಾಗಿ ಹಿಡಿಯುವುದಿಲ್ಲ. ತೋಳು ಭುಜಕ್ಕೆ ಕೂಡುವಲ್ಲಿ, ಎರಡೂ ಮೈಗಳು ಉಜ್ಜಿಕೊಳ್ಳುವ ಕಡೆ, ಒಂದು ಕಾಗದ ತೂರುವಷ್ಟು ಸಂದು ಬರುವಂತೆ ಹೆಚ್ಚಾಗಿ ಸವೆಸಬೇಕಾಯಿತು. ಬಣ್ಣಕ್ಕೂ ದಪ್ಪವಿದೆ; ಅದಕ್ಕೆ ಜಾಗ ಬಿಡದಿದ್ದರೆ ತೋಳನ್ನು ಮೊದಲ ಸಲ ಎತ್ತಿದಾಗಲೇ ಭುಜದ ಹಳದಿ ಕಿತ್ತು ಕಪ್ಪು ಇಣುಕುತ್ತದೆ.

ಪ್ರೈಮರ್ ಆಯ್ಕೆಯಲ್ಲಿ ಬಿಳಿಯೋ ಬೂದುಬಣ್ಣವೋ ಎಂಬ ಪ್ರಶ್ನೆ ಎದುರಾಯಿತು. ಹಳದಿಗೆ ಬಿಳಿ ಒಳ್ಳೆಯದೆಂಬುದು ನಿಜವಾದರೂ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪ್ರೈಮರಿನ ತೆಳು ಪದರ ಮಚ್ಚೆ ಮಚ್ಚೆಯಾಗಿ ಕಾಣುವುದರಿಂದ ಇನ್ನೊಂದಿಷ್ಟು ಹಾಕೋಣವೆಂಬ ಆಸೆ ತಡೆಯುವುದು ಕಷ್ಟ, ಆ ಆಸೆಯಲ್ಲಿ ಗುಂಡಿಯ ಸುತ್ತಲಿನ ಗೆರೆ, ಜೇಬಿನ ಹೊಲಿಗೆಯಂಥ ನವಿರು ವಿವರಗಳು ತುಂಬಿಹೋಗುತ್ತವೆ. ತಿಳಿ ಬೂದುಬಣ್ಣ ಕಡಿಮೆ ಪದರಗಳಲ್ಲಿ ಕಪ್ಪನ್ನು ಮುಚ್ಚುತ್ತದೆ, ಉಳಿದ ಒರಟನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಸ್ಪೇನಿನ ವಲ್ಲೇಹೊ ಕಂಪನಿಯ ಅಕ್ರಿಲಿಕ್ ಪಾಲಿಯುರಿಥೇನ್ ಪ್ರೈಮರನ್ನು ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, 0.4 ಮಿ.ಮೀ. ನಳಿಕೆಯ ಏರ್‌ಬ್ರಷ್‌ನಲ್ಲಿ, 20 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ಸಿಂಪಡಿಸಿದೆ. ಸಿಂಪರಣೆ ಗೊಂಬೆಯ ಹೊರಗೆ ಶುರುವಾಗಿ, ಗೊಂಬೆಯನ್ನು ದಾಟಿ, ಹೊರಗೆ ನಿಲ್ಲಬೇಕು. ಗೊಂಬೆಯ ಮೇಲೆ ಸಾಗುತ್ತಿರುವಾಗಲೇ ಉಪಕರಣದ ಗುಂಡಿ ಒತ್ತಿದರೆ ಅಥವಾ ಬಿಟ್ಟರೆ ಅಲ್ಲೊಂದು ಹನಿ ಕೂರುತ್ತದೆ. ತುಂಬ ದೂರದಿಂದ ಸಿಂಪಡಿಸಿದರೆ ಹನಿಗಳು ಗಾಳಿಯಲ್ಲೇ ಅರೆ ಒಣಗಿ ಮರಳು ಮರಳಾಗಿ ಬೀಳುತ್ತವೆ, ತುಂಬ ಹತ್ತಿರವಾದರೆ ಸೋರಿ ಇಳಿಯುತ್ತವೆ. ಸುಮಾರು 10 ಸೆಂ.ಮೀ. ಅಂತರ ನನಗೆ ಒಗ್ಗಿತು. ಮೊದಲ ಸುತ್ತು ಬರೀ ಚುಕ್ಕಿ ಚುಕ್ಕಿ, ಅರ್ಧಕ್ಕರ್ಧ ಕಪ್ಪು ಕಾಣುವಂತೆಯೇ ಬಿಟ್ಟು, ಅದು ಒಣಗಿದ ಮೇಲೆ ಅಡ್ಡ ದಿಕ್ಕಿನಲ್ಲಿ ಮುಂದಿನ ಸುತ್ತು ಹಾಕಿದೆ. ಏರ್‌ಬ್ರಷ್ ಇಲ್ಲದವರು ಇದೇ ಪ್ರೈಮರನ್ನು ಅಗಲವಾದ ಮೆತ್ತನೆಯ ಕುಂಚದಿಂದ ತೆಳುವಾಗಿ ಹಚ್ಚಬಹುದು. ಈ ಬಗೆಯ ಪ್ರೈಮರ್ ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಒಂದು ದಿನ ಕಾಯದೆ ಉಪ್ಪುಕಾಗದ ಮುಟ್ಟಿಸಿದರೆ ಚರ್ಮ ಸುಲಿದಂತೆ ಎದ್ದುಬರುತ್ತದೆ, ಆದ್ದರಿಂದ ಪ್ಲಾಸ್ಟಿಕ್ಕನ್ನು ಉಜ್ಜುವ ಕೆಲಸವೆಲ್ಲ ಇದಕ್ಕೆ ಮುಂಚೆಯೇ ಮುಗಿದಿರಬೇಕು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಬಣ್ಣ ಹಚ್ಚುವ ಕ್ರಮ ಇಲ್ಲಿ ನನ್ನ ನೆನಪಿಗೆ ಬರುತ್ತದೆ. ಹುಣಸೆ ಬೀಜದ ಅಂಟು, ಮರದ ಹೊಟ್ಟು ಮುಂತಾದವುಗಳಿಂದ ಮಾಡಿದ ಕಿಟ್ಟವನ್ನು ಅವರು ಮೈಯೆಲ್ಲ ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣಕ್ಕೆ ಬರುತ್ತಾರೆ. ಮರದ ನಾರು, ಕೂಡುಗೆರೆ ಒಂದೂ ಹೊರಗೆ ಕಾಣದಿರುವುದು ಆ ಲೇಪದಿಂದ. ವಸ್ತು ಬೇರೆ, ಕಾಲ ಬೇರೆ. ಅಡಿಪದರಕ್ಕೆ ಕೊಡುವ ಗೌರವ ಮಾತ್ರ ಇಬ್ಬರಿಗೂ ಒಂದೇ ಆಗಿರಬೇಕೆಂದು ನಾನು ನಂಬುತ್ತೇನೆ.

ಬೂದುಬಣ್ಣದ ಮೇಲೆ ನೇರವಾಗಿ ಹಳದಿ ಹಚ್ಚಬಾರದು. ಹೊಳಪಾದ ಹಳದಿಗಳಲ್ಲಿ ಬಳಸುವ ಸಾವಯವ ವರ್ಣದ್ರವ್ಯಗಳು ಬಹುಮಟ್ಟಿಗೆ ಪಾರದರ್ಶಕ. ಬೆಳಕು ಅವುಗಳನ್ನು ಹಾಯ್ದು ಕೆಳಗಿನ ಪದರಕ್ಕೆ ಬಡಿದು ಹಿಂದಿರುಗುತ್ತದೆ. ಕೆಳಗೆ ಕಪ್ಪು ಅಥವಾ ಗಾಢ ಬೂದು ಇದ್ದರೆ ಹಳದಿ ಕೊಳೆತ ಎಲೆಯ ಹಸಿರಿಗೆ ತಿರುಗುತ್ತದೆ, ಎಷ್ಟು ಪದರ ಹಾಕಿದರೂ ಆ ಮಂಕು ಪೂರ್ತಿ ಹೋಗುವುದಿಲ್ಲ. ಇದಕ್ಕೆ ಪ್ರತಿಯಾಗಿ ಕಬ್ಬಿಣದ ಆಕ್ಸೈಡಿನಿಂದ ಬರುವ ಓಕರ್ ಹಳದಿಗೂ ಟೈಟಾನಿಯಂ ಡೈಆಕ್ಸೈಡಿನ ಬಿಳಿಗೂ ಮುಚ್ಚುವ ಶಕ್ತಿ ಹೆಚ್ಚು. ಆದ್ದರಿಂದ ಮುಚ್ಚುವ ಕೆಲಸವನ್ನು ಇವೆರಡಕ್ಕೆ ಬಿಟ್ಟು, ಹೊಳಪಿನ ಕೆಲಸವನ್ನು ಮಾತ್ರ ಹಳದಿಗೆ ಕೊಡುವುದು ನನ್ನ ಉಪಾಯವಾಗಿತ್ತು. ಐವರಿ ಬಿಳಿಗೆ ಕಾಲುಭಾಗದಷ್ಟು ಓಕರ್ ಬೆರೆಸಿ ಬಿಸ್ಕತ್ತಿನ ಬಣ್ಣದ ಮಿಶ್ರಣ ಮಾಡಿಕೊಂಡು, ಅದರ ತೆಳು ಪದರಗಳಿಂದ ಕೋಟು ಒಂದೇ ಬಣ್ಣಕ್ಕೆ ಬರುವವರೆಗೆ ಕೆಲಸ ಮಾಡಿದೆ. ಮಡಿಕೆಗಳ ಆಳದಲ್ಲಿ ಇದೇ ಮಿಶ್ರಣಕ್ಕೆ ಒಂದಿಷ್ಟು ಗುಲಾಬಿ ಸೇರಿಸಿ ಹಚ್ಚಿದ್ದರಿಂದ ಅನಂತರ ಅಲ್ಲಿನ ಹಳದಿ ತಾನಾಗಿ ಬೆಚ್ಚಗಾಯಿತು, ನೆರಳಿಗೆಂದು ಕಂದು ಬಳಿಯುವ ಅಗತ್ಯವೇ ಬೀಳಲಿಲ್ಲ. ಈ ಒಳಪದರ ಸಮನಾಗದೆ ಮುಂದಿನ ಹಂತಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಇಲ್ಲಿ ಉಳಿದ ಮಚ್ಚೆಯನ್ನು ಪಾರದರ್ಶಕ ಹಳದಿ ಮುಚ್ಚಲಾರದು.

ಬಣ್ಣದ ಹದದ ಬಗ್ಗೆ ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಹವ್ಯಾಸಕ್ಕೆ ಹೊಸಬರಾದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕ್ಯಾನ್ವಾಸಿಗೆಂದು ಮಾಡಿದ ಟ್ಯೂಬ್ ಅಕ್ರಿಲಿಕ್ ಕುಂಚದ ಗುರುತು ಉಳಿಯಲೆಂದೇ ದಪ್ಪಗಿರುತ್ತದೆ. ನಮಗೆ ಬೇಕಾದುದು ಅದರ ವಿರುದ್ಧದ ಗುಣ. ಫಿಗರ್‌ಗಳಿಗೆಂದು ಮಾಡಿದ ಅಕ್ರಿಲಿಕ್‌ಗಳಲ್ಲಿ ವರ್ಣದ್ರವ್ಯ ನುಣ್ಣಗೆ ಅರೆದಿರುತ್ತದೆ. ಅವುಗಳಲ್ಲೂ ಒಂದು ವ್ಯತ್ಯಾಸವಿದೆ: ಜಪಾನಿನ ತಾಮಿಯಾ ಅಕ್ರಿಲಿಕ್‌ಗಳಲ್ಲಿ ಆಲ್ಕೋಹಾಲಿನ ಅಂಶ ಇರುವುದರಿಂದ ಅವು ಏರ್‌ಬ್ರಷ್‌ಗೆ ಬಹಳ ಸೊಗಸಾಗಿ ಒಗ್ಗುತ್ತವೆ, ಆದರೆ ಕುಂಚದಲ್ಲಿ ಎರಡನೆಯ ಪದರ ಮೊದಲನೆಯದನ್ನು ನೆನೆಸಿ ಎಳೆಯುತ್ತದೆ. ವಲ್ಲೇಹೊ ಮಾಡೆಲ್ ಕಲರ್‌ನಂಥ ನೀರು ಆಧಾರಿತ ಅಕ್ರಿಲಿಕ್ ಬಣ್ಣಗಳು ಒಣಗಿದ ಮೇಲೆ ಮತ್ತೆ ನೀರಿಗೆ ಕರಗುವುದಿಲ್ಲವಾದ್ದರಿಂದ ಕುಂಚಕ್ಕೆ ಅವೇ ವಾಸಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹಸಿ ಪ್ಯಾಲೆಟ್ಟಿನ ಮೇಲೆ ಕೆಲವು ಹನಿ ಹಾಕಿಕೊಂಡೆ. ಹಸಿ ಪ್ಯಾಲೆಟ್ ಎಂದರೆ ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗಿಗೆ ಬಳಸುವ ಪಾರ್ಚ್‌ಮೆಂಟ್ ಕಾಗದ. ಕಾಗದದ ಮೂಲಕ ತೇವ ಏರುತ್ತಿರುವುದರಿಂದ ಬಣ್ಣ ಗಂಟೆಗಟ್ಟಲೆ ಒಂದೇ ಹದದಲ್ಲಿ ಇರುತ್ತದೆ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ತಿಂಗಳ ಒಣ ಮಧ್ಯಾಹ್ನಗಳಲ್ಲಿ ಇದಿಲ್ಲದೆ ಕುಂಚ ಹಿಡಿಯಲು ನಾನು ಹೋಗುವುದಿಲ್ಲ.

ಬಣ್ಣವನ್ನು ತೆಳುವಾಗಿಸಲು ಬರೀ ನೀರನ್ನೇ ಸುರಿಯುತ್ತ ಹೋದರೆ ವರ್ಣದ್ರವ್ಯವನ್ನು ಹಿಡಿದಿಡುವ ಅಂಟು ಬಡವಾಗಿ ಪೊರೆ ಸರಿಯಾಗಿ ಕಟ್ಟುವುದಿಲ್ಲ. ಅದಕ್ಕೆಂದು ಅರ್ಧ ನೀರು, ಅರ್ಧ ಗ್ಲೇಜ್ ಮೀಡಿಯಂ (ವರ್ಣದ್ರವ್ಯವಿಲ್ಲದ ಅಕ್ರಿಲಿಕ್ ಅಂಟಿನ ದ್ರವ) ಬೆರೆಸಿಟ್ಟುಕೊಂಡು ಅದರಿಂದಲೇ ತೆಳುವಾಗಿಸಿದೆ. ಜೊತೆಗೆ ಫ್ಲೋ ಇಂಪ್ರೂವರಿನ ಒಂದು ಹನಿ. ನೀರಿನ ಮೇಲ್ಮೈ ಸೆಳೆತವನ್ನು ಇದು ತಗ್ಗಿಸುವುದರಿಂದ ಬಣ್ಣ ಗುಳ್ಳೆಗಟ್ಟದೆ ಹರಡುತ್ತದೆ. ಪಾತ್ರೆ ತೊಳೆಯುವ ದ್ರವವನ್ನು ಇದಕ್ಕೆ ಬದಲಾಗಿ ಹಾಕುವವರಿದ್ದಾರೆ, ಆದರೆ ಅದು ನೊರೆ ಎಬ್ಬಿಸುತ್ತದೆ, ನೊರೆಯ ಒಂದು ಗುಳ್ಳೆ ಒಡೆದು ಒಣಗಿದರೆ ಬಯಲು ಮೈಯಲ್ಲಿ ಸೂಜಿಮೊನೆಯಷ್ಟು ಗುಂಡಿ ಉಳಿಯುತ್ತದೆ. ಹದವನ್ನು ಅಳತೆಯಿಂದ ಹೇಳಲಾಗದು, ಬಾಟಲಿಯಿಂದ ಬಾಟಲಿಗೆ ಅದು ಬೇರೆ. ನಾನು ಒಂದು ಹನಿಯನ್ನು ಬಿಳಿ ಪಿಂಗಾಣಿ ತಟ್ಟೆಯ ಓರೆ ಅಂಚಿಗೆ ಮುಟ್ಟಿಸಿ ನೋಡುತ್ತೇನೆ: ಅಲ್ಲಿಯೇ ನಿಂತರೆ ದಪ್ಪ, ಹಿಂದೆ ಏನನ್ನೂ ಬಿಡದೆ ಓಡಿದರೆ ನೀರಾಗಿದೆ, ನಿಧಾನವಾಗಿ ಇಳಿಯುತ್ತ ಹಿಂದೆ ತೆಳು ಬಣ್ಣದ ಪೊರೆಯನ್ನು ಬಿಟ್ಟುಹೋದರೆ ಸರಿ.

ಇನ್ನು ಕುಂಚ. ಸಣ್ಣ ಗೊಂಬೆಗೆ ಸಣ್ಣ ಕುಂಚವೆಂದು ಸೊನ್ನೆ ಸೊನ್ನೆ ಸಂಖ್ಯೆಯವನ್ನು ಹಿಡಿದರೆ ಒಂದು ಎಳೆತ ಮುಗಿಯುವ ಮುನ್ನವೇ ಅದರಲ್ಲಿನ ಬಣ್ಣ ಒಣಗಿರುತ್ತದೆ. ಬೆನ್ನಿನ ಬಯಲಿಗೆ 6 ಮಿ.ಮೀ. ಅಗಲದ ಮೆತ್ತನೆಯ ಸಿಂಥೆಟಿಕ್ ಚಪ್ಪಟೆ ಕುಂಚವನ್ನೂ ಅಂಚು ಮತ್ತು ಮಡಿಕೆಗಳಿಗೆ 2ನೆಯ ಸಂಖ್ಯೆಯ ಗುಂಡು ಕುಂಚವನ್ನೂ ಬಳಸಿದೆ. ಕುಂಚವನ್ನು ಬಣ್ಣದಲ್ಲಿ ಅರ್ಧದವರೆಗೆ ಮಾತ್ರ ಅದ್ದಿ, ಟಿಶ್ಯೂ ಕಾಗದಕ್ಕೆ ಪಕ್ಕೆಯನ್ನು ಒಮ್ಮೆ ಮುಟ್ಟಿಸಿ ಹೆಚ್ಚಿನದನ್ನು ಬಿಟ್ಟುಕೊಟ್ಟು, ಪ್ರತಿ ಭಾಗದ ಮೇಲಂಚಿನಿಂದ ಕೆಳ ಅಂಚಿನವರೆಗೆ ಒಂದೇ ಎಳೆತದಲ್ಲಿ, ಕುಂಚದ ಭಾರವನ್ನಷ್ಟೇ ಬಿಟ್ಟು ಇಳಿಸಿದೆ. ಎರಡನೆಯ ಎಳೆತ ಮೊದಲನೆಯದರ ಇನ್ನೂ ಹಸಿಯಾಗಿರುವ ಅಂಚನ್ನು ಕೂದಲೆಳೆಯಷ್ಟು ಮಾತ್ರ ಹತ್ತಿ ಇಳಿಯಬೇಕು. ಹೀಗೆ ಎಡದಿಂದ ಬಲಕ್ಕೆ ಸಾಗಿದರೆ ಅಂಚುಗಳು ತಾವೇ ಒಂದರೊಳಗೊಂದು ಬೆರೆಯುತ್ತವೆ. ಹಿಂದಿರುಗಿ ನೋಡಿದಾಗ ಎಲ್ಲೋ ಒಂದು ಕಡೆ ಬಣ್ಣ ಮುಟ್ಟದ ಜಾಗ ಕಂಡರೂ ಅಲ್ಲಿಗೆ ಕುಂಚ ಒಯ್ಯಬಾರದು. ಅಕ್ರಿಲಿಕ್ಕಿನಲ್ಲಿ ನೀರು ಆರುತ್ತಿದ್ದಂತೆ ಅಂಟಿನ ಕಣಗಳು ಒಂದಕ್ಕೊಂದು ಬೆಸೆದು ಪೊರೆ ಕಟ್ಟತೊಡಗುತ್ತವೆ, ಆ ಅರೆಬರೆ ಪೊರೆಯ ಮೇಲೆ ಕುಂಚ ಆಡಿದರೆ ಅದು ಹರಿದು ಸಿಪ್ಪೆಯಾಗುತ್ತದೆ. ಮೊದಲ ಪದರದ ನಂತರ ಕೋಟು ನೋಡಲು ಚೆನ್ನಾಗಿರಲಿಲ್ಲ: ಬಿಸ್ಕತ್ತಿನ ಬಣ್ಣದ ಮೇಲೆ ಗೆರೆ ಗೆರೆಯಾದ ಮಸುಕು ಹಳದಿ, ಅಲ್ಲಲ್ಲಿ ಏನೂ ಇಲ್ಲ. ಅದು ಹಾಗೆಯೇ ಇರಬೇಕು. ಮೊದಲ ಪದರವೇ ಪೂರ್ತಿ ಮುಚ್ಚಿದೆ ಎಂದರೆ ಅದು ಅಗತ್ಯಕ್ಕಿಂತ ದಪ್ಪವಾಗಿದೆ ಎಂದೇ ಅರ್ಥ, ಆ ದಪ್ಪದಲ್ಲಿ ಕುಂಚದ ಗೆರೆಗಳು ಶಾಶ್ವತವಾಗಿ ನಿಂತಿರುತ್ತವೆ. ಈ ಅಂದಗೇಡನ್ನು ಸಹಿಸಿಕೊಂಡು ಮುಂದುವರಿಯುವ ತಾಳ್ಮೆ ಬಂದರೆ ಅರ್ಧ ಕೆಲಸ ಆದಂತೆ.

ಮಡಿಕೆಗಳಿರುವ ಕಡೆ ತೊಂದರೆ ಬೇರೆಯದು. ಕಾಫಿಯ ಹನಿ ಮೇಜಿನ ಮೇಲೆ ಬಿದ್ದು ಒಣಗಿದಾಗ ನಡುವೆ ತಿಳಿಯಾಗಿ ಅಂಚಿನಲ್ಲಿ ಕಡುಕಂದು ಬಳೆಯಾಗುವುದನ್ನು ಎಲ್ಲರೂ ಕಂಡಿದ್ದೇವೆ. 1997ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಇದರ ಕಾರಣವನ್ನು ವಿವರಿಸಿದರು: ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಅಲ್ಲಿ ಆವಿಯಾದ ನೀರಿನ ಜಾಗ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹರಿಯುತ್ತ ತನ್ನಲ್ಲಿರುವ ಕಣಗಳನ್ನೂ ಅಲ್ಲಿಗೆ ಒಯ್ಯುತ್ತದೆ. ತೆಳುವಾದ ಬಣ್ಣ ಎಲ್ಲಿಯಾದರೂ ನಿಂತು ಒಣಗಿದರೆ ಆಗುವುದೂ ಇದೇ, ಹಳದಿಯಲ್ಲಿ ಅದು ಕಿತ್ತಳೆ ಛಾಯೆಯ ಅಂಚಾಗಿ ಉಳಿಯುತ್ತದೆ. ಇದಕ್ಕೆ ಪರಿಹಾರ ಬಣ್ಣ ನಿಲ್ಲದಂತೆ ನೋಡಿಕೊಳ್ಳುವುದೊಂದೇ. ಮಡಿಕೆಯ ತಗ್ಗಿಗೆ ಬಣ್ಣ ಇಳಿದ ಕೂಡಲೇ, ಟಿಶ್ಯೂವಿನಲ್ಲಿ ಒತ್ತಿ ಒಣಗಿಸಿದ ಇನ್ನೊಂದು ಕುಂಚದ ಮೊನೆಯನ್ನು ಅಲ್ಲಿಗೆ ಮುಟ್ಟಿಸಿದರೆ ಅದು ಹೆಚ್ಚಿನ ಬಣ್ಣವನ್ನು ಹೀರಿಕೊಳ್ಳುತ್ತದೆ. ಈ ಎರಡನೆಯ ಕುಂಚವನ್ನು ಎಡಗೈಯ ಬೆರಳಸಂದಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡುವುದು ನನಗೆ ಅಭ್ಯಾಸವಾಗಿಹೋಗಿದೆ. ಘೇರಿನ ಕೆಳ ಅಂಚಿನಲ್ಲೂ ಹೀಗೆಯೇ ಬಣ್ಣ ಇಳಿದು ತೊಟ್ಟಿಕ್ಕುವಂತೆ ನಿಲ್ಲುತ್ತದೆ, ಪ್ರತಿ ಪದರದ ಕೊನೆಗೆ ಅಲ್ಲೊಮ್ಮೆ ಒಣ ಕುಂಚ ಆಡಿಸುವುದನ್ನು ಮರೆಯಬಾರದು.

ಪದರಗಳ ನಡುವಣ ಬಿಡುವನ್ನು ನಾನು ಗಡಿಯಾರ ನೋಡಿ ನಿರ್ಧರಿಸಲಿಲ್ಲ, ಹವೆಯನ್ನು ನೋಡಿ ನಿರ್ಧರಿಸಿದೆ. ಶ್ರಾವಣದ ಜಿಟಿಜಿಟಿ ಮಳೆಯ ದಿನಗಳಲ್ಲಿ ಅಕ್ರಿಲಿಕ್ ನಿಧಾನವಾಗಿ ಆರುತ್ತದೆ, ಆ ನಿಧಾನ ಕುಂಚದವರಿಗೆ ವರವೇ ಹೌದು, ಏಕೆಂದರೆ ಗೆರೆಗಳು ತಮ್ಮಷ್ಟಕ್ಕೆ ಮಟ್ಟಸವಾಗಲು ಸಮಯ ಸಿಗುತ್ತದೆ. ದ್ರಾವಕದ ಸ್ಪ್ರೇ ಡಬ್ಬಿಗಳಿಗೆ ಇದೇ ಹವೆ ಶತ್ರು. ದ್ರಾವಕ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಸಾಂದ್ರಗೊಂಡು ಬಿಳಿ ಮಂಜು ಹಿಡಿಯುತ್ತದೆ. ಬೇಗ ಒಣಗಲೆಂದು ಹೇರ್ ಡ್ರೈಯರಿನ ಬಿಸಿಗಾಳಿ ಬಿಡುವುದನ್ನು ನಾನು ಒಪ್ಪುವುದಿಲ್ಲ, ಮೇಲಿನ ತೊಗಲು ಒಣಗಿ ಒಳಗೆ ತೇವ ಉಳಿಯುತ್ತದೆ, ಮೆತ್ತನೆಯ ಪಿವಿಸಿ ಬಾಗುವ ಭಯವೂ ಇದೆ. ಪ್ರತಿ ಪದರವಾದ ಮೇಲೆ ಭಾಗಗಳನ್ನು ಬಿದಿರಿನ ಕಡ್ಡಿಗೆ ಸಿಕ್ಕಿಸಿ, ಫ್ಯಾನ್ ಆರಿಸಿ, ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೇಲೆ ಬೋರಲು ಹಾಕಿ ಬಿಟ್ಟೆ. ಹಾರಾಡುವ ಧೂಳಿಗೆ ಹಸಿ ಬಣ್ಣಕ್ಕಿಂತ ಪ್ರಿಯವಾದ ಜಾಗವಿಲ್ಲ. ಕಡ್ಡಿ ನೆಡಲು ಥರ್ಮಕೋಲ್ ಬಳಸಬಹುದು, ಆದರೆ ಪಿವಿಸಿ ಭಾಗ ಅದಕ್ಕೆ ತಾಗಿಕೊಂಡಿರಬಾರದು. ಮೊದಲು ಹೇಳಿದ ಪ್ಲಾಸ್ಟಿಸೈಸರ್ ಥರ್ಮಕೋಲನ್ನು ಮೆತ್ತಗಾಗಿಸಿ ಎರಡನ್ನೂ ಅಂಟಿಸಿಬಿಡುತ್ತದೆ. ಮೂರನೆಯ ಪದರವನ್ನು ಮೊದಲಿನವಕ್ಕೆ ಅಡ್ಡ ದಿಕ್ಕಿನಲ್ಲಿ, ತೋಳಿನಿಂದ ತೋಳಿಗೆ ಎಳೆದಾಗ ಉದ್ದುದ್ದ ಗೆರೆಗಳ ನಡುವಿನ ತಗ್ಗು ತುಂಬಿತು. ಅದು ಒಂದು ರಾತ್ರಿ ಕಳೆದು ಗಟ್ಟಿಯಾದ ಮೇಲೆ, 2000ದ ಕಾಗದವನ್ನು ನೀರಿನಲ್ಲಿ ನೆನೆಸಿ ಬೆರಳ ತುದಿಗೆ ಸುತ್ತಿಕೊಂಡು ಬೆನ್ನಿನ ಮೇಲೆ ಭಾರ ಬಿಡದೆ ಎರಡು ಮೂರು ಸುತ್ತು ಆಡಿಸಿದೆ. ಕಣ್ಣಿಗೆ ಕಾಣದಿದ್ದ ಧೂಳಿನ ಮೊನೆಗಳು ಬೆರಳಿಗೆ ಒಂದೊಂದಾಗಿ ಸಿಕ್ಕಿ ಸವೆದವು. ಅನಂತರದ ಪದರಗಳಲ್ಲಿ ಹಳದಿ ಏಕಾಏಕಿ ಕೂಡಿಕೊಂಡಿತು. ಎಲ್ಲಿಯೂ ಬಿಸ್ಕತ್ತಿನ ಬಣ್ಣ ಇಣುಕದೆ, ಕೆತ್ತಿದ ಜೇಬಿನ ಹೊಲಿಗೆಯೂ ಕಾಣುತ್ತ, ಕೋಟು ಹಳದಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹಾಕಿದಂತೆ ಕಾಣತೊಡಗಿತು.

ಇಷ್ಟೆಲ್ಲ ಕಷ್ಟವೇಕೆ, ಹಳದಿಯನ್ನೂ ಏರ್‌ಬ್ರಷ್‌ನಲ್ಲೇ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಬಹುದು, ಬಯಲು ಮೈಗೆ ಅದರಷ್ಟು ಸಮನಾದ ಪದರ ಬೇರಾವುದರಿಂದಲೂ ಬಾರದು. ಆದರೆ ಆಳವಾದ ಮಡಿಕೆಗಳೊಳಗೆ ಗಾಳಿ ತಿರುಗಿಕೊಂಡು ಬಣ್ಣವನ್ನು ಹೊರಗೆ ತಳ್ಳುತ್ತದೆ, ಮುಖ ಮತ್ತು ಕಾಲುಗಳನ್ನೆಲ್ಲ ಟೇಪಿನಿಂದ ಮುಚ್ಚಬೇಕಾಗುತ್ತದೆ, ಬಣ್ಣ ಬದಲಿಸಿದಾಗಲೆಲ್ಲ ಉಪಕರಣವನ್ನು ತೊಳೆಯಬೇಕು. ಮುಖ್ಯವಾಗಿ ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರಿಗೆ ಹಣ ಹಾಕಲಾಗದ ವಿದ್ಯಾರ್ಥಿಗಳು ಈ ಹವ್ಯಾಸದಲ್ಲಿ ಬಹಳ ಮಂದಿ. ಕುಂಚದಿಂದಲೂ ನುಣುಪು ಸಾಧ್ಯವೆಂಬುದು ಅವರಿಗೆ ಗೊತ್ತಾಗಬೇಕೆಂಬ ಆಸೆ ನನ್ನದು. ಅಂಚೆಯವನ ಖಾಕಿ ಪ್ಯಾಂಟು, ಚರ್ಮದ ಚೀಲ, ಗಂಬೂಟುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಖಾಕಿ, ಕಂದುಗಳಲ್ಲಿ ಮುಚ್ಚುವ ಶಕ್ತಿ ಚೆನ್ನಾಗಿರುವುದರಿಂದ ಅವು ಒಂದೇ ಸಂಜೆಯಲ್ಲಿ ಮುಗಿದವು. ಮುಖವನ್ನು ಕಾರ್ಖಾನೆಯ ಮುದ್ರಣದಲ್ಲೇ ಉಳಿಸಿಕೊಂಡು ಮೀಸೆಯನ್ನಷ್ಟೇ ಸೇರಿಸಿದೆ.

ವಾರ್ನಿಷಿನಲ್ಲಿ ಕೂಡ ಸಮತೆ ಕೆಡುವ ಸಾಧ್ಯತೆ ಇದೆ. ರೇನ್‌ಕೋಟಿಗೆ ಪೂರ್ತಿ ಹೊಳಪು ಕೊಟ್ಟರೆ ಬೆನ್ನಿನ ಮೇಲಿನ ಅಳಿದುಳಿದ ಏರಿಳಿತವೆಲ್ಲ ಬೆಳಕಿನಲ್ಲಿ ಕುಣಿಯುತ್ತದೆ, ಪೂರ್ತಿ ಮಂಕಾದರೆ ಅದು ರೇನ್‌ಕೋಟೆಂದೇ ಅನ್ನಿಸುವುದಿಲ್ಲ. ನಡುವಿನ ಸ್ಯಾಟಿನ್ ಹೊಳಪಿನ ನೀರು ಆಧಾರಿತ ಪಾಲಿಯುರಿಥೇನ್ ವಾರ್ನಿಷನ್ನು ಆರಿಸಿಕೊಂಡೆ. ಮಂಕು ಮತ್ತು ಸ್ಯಾಟಿನ್ ವಾರ್ನಿಷುಗಳಲ್ಲಿ ಹೊಳಪು ತಗ್ಗಿಸುವ ಪುಡಿ ತಳಕ್ಕೆ ಇಳಿದಿರುತ್ತದೆ. ಚೆನ್ನಾಗಿ ಕುಲುಕದೆ ಹಚ್ಚಿದರೆ ಒಂದು ತೋಳು ಹೊಳೆದು ಇನ್ನೊಂದು ಮಸುಕಾಗುತ್ತದೆ. ಮಳೆ ಬಿಟ್ಟ ಒಂದು ಬಿಸಿಲಿನ ಬೆಳಿಗ್ಗೆ ಎರಡು ತೆಳು ಸುತ್ತು ಹಾಕಿ, 6500 ಕೆಲ್ವಿನ್‌ನ ಎಲ್‌ಇಡಿ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಮೇಲಿನಿಂದ ಬೀಳುವ ಬೆಳಕು ಮರೆಮಾಡುವ ಗೆರೆಗಳನ್ನು ಓರೆ ಬೆಳಕು ಹೊರಗೆಳೆಯುತ್ತದೆ. ಎಡ ಭುಜದ ಹಿಂದಿನ ಒಂದು ಸಣ್ಣ ಗೆರೆಯನ್ನು ಬಿಟ್ಟರೆ ಕೋಟು ಮಟ್ಟಸವಾಗಿತ್ತು, ಆ ಗೆರೆ ಚೀಲದ ಪಟ್ಟಿಯ ಕೆಳಗೆ ಹೋಗುವಂಥದ್ದು.

ಅಕ್ರಿಲಿಕ್ ಮುಟ್ಟಲು ಒಣಗುವುದಕ್ಕೂ ಒಳಗಿನಿಂದ ಗಟ್ಟಿಯಾಗುವುದಕ್ಕೂ ಬಹಳ ವ್ಯತ್ಯಾಸವಿದೆಯಾದ್ದರಿಂದ ಜೋಡಣೆಗೆ ಒಂದು ವಾರ ಆತುರಪಡಲಿಲ್ಲ. ತೋಳುಗಳ ಕೀಲನ್ನು ಮಾತ್ರ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಮೆತ್ತಗಾಗಿಸಿ, ಬಣ್ಣದ ಭಾಗಕ್ಕೆ ಬಿಸಿ ತಗುಲದಂತೆ ಭುಜಕ್ಕೆ ಒತ್ತಿದೆ. ಸವೆಸಿಟ್ಟಿದ್ದ ಸಂದು ಸಾಕಾಯಿತು, ತೋಳನ್ನು ಪೂರ್ತಿ ಎತ್ತಿಳಿಸಿದರೂ ಹಳದಿ ಕಿತ್ತುಬರಲಿಲ್ಲ. ಘೇರನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿ ನೋಡಿದಾಗಲೂ ಬಿರುಕು ಕಾಣಲಿಲ್ಲ. ಮುಂದೆ ಎಲ್ಲಿಯಾದರೂ ತರಚಿದರೆ ಅದೇ ಛಾಯೆಯನ್ನು ಮತ್ತೆ ಹುಡುಕುವುದು ಕಷ್ಟವಾದ್ದರಿಂದ, ಉಳಿದ ಹಳದಿ ಮತ್ತು ಬಿಸ್ಕತ್ತಿನ ಬಣ್ಣದ ಮಿಶ್ರಣಗಳನ್ನು ಎರಡು ಡ್ರಾಪರ್ ಬಾಟಲಿಗಳಲ್ಲಿ ತುಂಬಿ, ಯಾವ ಬಣ್ಣ ಎಷ್ಟು ಪಾಲು ಎಂದು ಚೀಟಿ ಬರೆದು ಅಂಟಿಸಿ, ಬಿಸಿಲು ತಾಗದ ಕಪಾಟಿನಲ್ಲಿ ಇಟ್ಟಿದ್ದೇನೆ.